ಕ್ಯಾಪ್ಟನ್ ಕಲ್ಲಯ್ಯನವರ ಕೌದಿ

ಸತ್ತ ಮನುಷ್ಯ ಒಂದೇ ತಿಂಗಳಲ್ಲಿ ಎಷ್ಟು ಒಳ್ಳೆಯವನಾಗಿಬಿಡುತ್ತಾನೆ ಎಂಬುದನ್ನು ನೋಡಬೇಕಿದ್ದರೆ ಆ ದಿನ ಬೆಳಗಾವಿಯ ರವಿವಾರ ಪೇಟೆಗೆ ಬರಬೇಕಿತ್ತು. ಬೆಲ್ಲದ ವ್ಯಾಪಾರಿ ಗುರುಪುತ್ರಪ್ಪನ ಅಂಗಡಿಯ ಮಾಳಿಗೆಯಲ್ಲಿ ಕ್ಯಾಪ್ಟನ್ ಕಲ್ಲಯ್ಯನವರಿಗೆ ನುಡಿನಮನ ನಡೆದಿತ್ತು. ಊರವರಿಗೆ ವಿಮಾನ ಹಾರಿಸುವುದನ್ನು ಕಲಿಸಿ ಕಲಿಸಿ ತಲೆಗೂದಲು ಉದುರಿಸಿಕೊಂಡಿದ್ದ ಆ ಮಹಾನುಭಾವರನ್ನು ಒಬ್ಬರು ಶಾಂತಮೂರ್ತಿ ಎಂದರು, ಇನ್ನೊಬ್ಬರು ಮಿತಭಾಷಿ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ರಮಿಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದವರು ಪಾಪ, ಅಳುತ್ತಿದ್ದಾಳೆ ಅಂದುಕೊಂಡರು. ಎಲ್ಲಿಯ ಅಳು, ಅವಳು ನಗು ತಡೆಯುತ್ತಿದ್ದಳು.

ಶಾಂತಮೂರ್ತಿಯಂತೆ! ಖಾನಾಪುರದ ಅಯ್ಯನವರ ಮನೆತನದಲ್ಲಿ ಹುಟ್ಟಿ, ಭಕ್ತರ ಮನೆಗಳಲ್ಲಿ ಪಾದಪೂಜೆ ಮಾಡಿಸಿಕೊಂಡು, ಹೋಳಿಗೆ ಉಂಡು ಹಾಯಾಗಿರಬೇಕಿದ್ದವರು ಪುಣೆಗೆ ಓಡಿಹೋಗಿ ವಿಮಾನ ಕಲಿತು ಬಂದವರು ಅವರು. ಬೆಳಿಗ್ಗೆ ಮಂತ್ರ ಹೇಳಿ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು ಸಾಂಬ್ರಾ ಕಡೆಯ ಹಾರಾಟದ ಕ್ಲಬ್ಬಿಗೆ ಬಂದರೆಂದರೆ ಅದೇ ಬಾಯಿಂದ ಬೈಗುಳ ಶುರು. ಎರಡೇ ಸೀಟಿನ ಹಳೆಯ ವಿಮಾನದಲ್ಲಿ ಹಿಂದೆ ಕೂತು, ಮುಂದಿದ್ದ ಶಿಷ್ಯನ ತಲೆಗೆ ಸುರುಳಿ ಸುತ್ತಿದ ಪೇಪರಿನಿಂದ ಬಾರಿಸುತ್ತಿದ್ದರು. "ಎಮ್ಮಿ ಕಾಯಾಕ ಲಾಯಕ್ ಇಲ್ಲದ ಮಂಗ್ಯಾನ ಮಗನ, ರೆಕ್ಕಿ ನೋಡ, ರೆಕ್ಕಿ!" ಇನ್ನು ಹೊಗಳಿಕೆ ಎಂಬುದು ಅವರ ಬಾಯಲ್ಲಿ ಒಂದೇ ಒಂದಿತ್ತು. ಶಿಷ್ಯ ನೆಟ್ಟಗೆ ನೆಲಕ್ಕಿಳಿದರೆ, "ಸತ್ತಿಲ್ಲಲ್ಲ, ಸಾಕ ಬಿಡು" ಎನ್ನುತ್ತಿದ್ದರು.

ಈಗ ಮೈಕು ಹಿಡಿದಿದ್ದ ಗುರುಪುತ್ರಪ್ಪ, "ಗುರುಗಳು ನನ್ನನ್ನ ಗರುಡ ಅಂತ ಕರೀತಿದ್ರು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಗರುಡ! ದಾರಿ ತಪ್ಪಿದರೆ ರೈಲು ಹಳಿ ನೋಡಿಕೊಂಡು ಬಾ ಎಂದು ಗುರುಗಳು ಹೇಳಿದ್ದರು. ಈ ಗರುಡ ಲೋಂಡಾದ ಮೇಲೆ ಹಳಿ ಕವಲೊಡೆದಲ್ಲಿ ತಪ್ಪು ಹಳಿ ಹಿಡಿದು, ಗೋವೆಯ ಕಾಡು ಕಂಡ ಮೇಲೆ ಎಚ್ಚರಾಗಿ, ಪೆಟ್ರೋಲಿನ ಕೊನೆಯ ಹನಿಯಲ್ಲಿ ವಾಪಸು ಬಂದಿದ್ದ. ಇಳಿದವನ ಪ್ಯಾಂಟು ಒದ್ದೆಯಾಗಿತ್ತು. ಆಗಲೂ ಅವನಿಗೆ ಸಿಕ್ಕಿದ್ದು "ಸತ್ತಿಲ್ಲಲ್ಲ, ಸಾಕ ಬಿಡು" ಅಷ್ಟೇ.

ಪ್ರಮಿಳಾಳಿಗೆ ಅದೂ ಸಿಕ್ಕಿರಲಿಲ್ಲ.

ವೇದಿಕೆಯ ಮೇಲೆ ಗುರುಗಳ ಫೋಟೋದ ಹಿಂದೆ ಒಂದು ಕೌದಿ ತೂಗುಹಾಕಿದ್ದರು. ಶಿಷ್ಯ ಮೊದಲ ಸಲ ಒಬ್ಬನೇ ಹಾರಿ ಇಳಿದ ಕೂಡಲೇ ಅವನ ಅಂಗಿಯ ಹಿಂಬದಿಯನ್ನು ಕತ್ತರಿಸುವುದು ಕ್ಲಬ್ಬಿನ ಪದ್ಧತಿ. ಕಲ್ಲಯ್ಯನವರು ಆ ತುಂಡುಗಳನ್ನು ಮನೆಗೆ ಒಯ್ಯುತ್ತಿದ್ದರು. ಅವರ ಹೆಂಡತಿ ಗಂಗಾದೇವಿ ಅರಿವೆ ಹಾಳುಮಾಡುವ ಪೈಕಿ ಅಲ್ಲ. ಒಂದೊಂದರ ಮೇಲೂ ಕೆಂಪು ದಾರದಲ್ಲಿ ಹೆಸರು ಹೊಲಿದು, ಎಲ್ಲ ಕೂಡಿಸಿ ಕೌದಿ ಮಾಡಿಬಿಟ್ಟಿದ್ದರು. ಗುರುಗಳು ಕಡೆತನಕ ಶಿಷ್ಯರನ್ನೇ ಹೊದ್ದು ಗೊರಕೆ ಹೊಡೆದರು. ಪೆಟ್ಟಿಗೆಯಿಂದ ತೆಗೆದ ಕೌದಿ ಇನ್ನೂ ಡಾಂಬರ ಗುಳಿಗೆ ನಾರುತ್ತಿತ್ತು.

ಮಾತಾಡಿದ ಪ್ರತಿಯೊಬ್ಬರೂ ಹೋಗಿ ತಮ್ಮ ತುಂಡು ಮುಟ್ಟಿ ನಮಸ್ಕಾರ ಮಾಡಿ ಬರುತ್ತಿದ್ದರು. ಪ್ರಮಿಳಾಳ ತುಂಡು ಅಲ್ಲಿರಲಿಲ್ಲ.

ಅವಳು ನಂದಗಡದ ಬಾಜೂ ಹಳ್ಳಿಯ ಕುರಿ ಕಾಯುವವರ ಮಗಳು. ಸರಕಾರದ ವಿದ್ಯಾರ್ಥಿವೇತನ ಸಿಕ್ಕಿ ಕ್ಲಬ್ಬಿಗೆ ಬಂದಿದ್ದಳು. ಒಂದು ಮಳೆಗಾಲದ ಬೆಳಿಗ್ಗೆ, ಬೇರೆ ಶಿಷ್ಯರು ಇನ್ನೂ ಹಾಸಿಗೆಯಲ್ಲಿದ್ದಾಗ, ಮೋಡ ಸರಿದದ್ದೇ ಕಲ್ಲಯ್ಯನವರು ಹಿಂದಿನ ಸೀಟಿನಿಂದ ಇಳಿದು, "ಹೋಗ, ಒಬ್ಬಾಕಿನ ಹೋಗ" ಎಂದರು. ಅವಳು ಒಂದು ಸುತ್ತು ಹಾರಿ, ಅಂಗಳಕ್ಕೆ ಚಾಪೆ ಹಾಸಿದ ಹಾಗೆ ವಿಮಾನ ಇಳಿಸಿದಳು. ಅವರು ಕತ್ತರಿ ಹಿಡಿದು ಬಂದರು. ಅವಳಿಗೆ ಆಗ ನೆನಪಾಯಿತು. ತನ್ನ ಅಂಗಿ ಒಣಗಿಲ್ಲವೆಂದು ಅಣ್ಣ ಸುಜಯನ ಅಂಗಿ ತೊಟ್ಟು ಬಂದಿದ್ದಳು. ಮನೆಯಲ್ಲಿದ್ದ ಒಂದೇ ನೆಟ್ಟಗಿನ ಅಂಗಿ ಅದು.

"ಬ್ಯಾಡ್ರೀ ಸರ್, ಕಾಲ ಬೀಳ್ತೀನ್ರಿ. ಅಣ್ಣಂದು ಐತ್ರಿ ಇದು. ನಾಳೆ ಅವಂದು ರೈಲ್ವೇದಾಗ ಇಂಟರ್ವ್ಯೂ ಐತ್ರಿ."

ಕಲ್ಲಯ್ಯನವರು ಅವಳನ್ನು ದುರುಗುಟ್ಟಿ ನೋಡಿದರು. ಕತ್ತರಿ ಜೇಬಿಗೆ ಹಾಕಿಕೊಂಡು ತಿರುಗಿ ಹೊರಟೇಹೋದರು. ಬೈಯಲಿಲ್ಲ, ಸತ್ತಿಲ್ಲಲ್ಲ ಎನ್ನಲೂ ಇಲ್ಲ.

ಅಂಗಿ ಉಳಿಯಿತು, ಸುಜಯನಿಗೆ ಲೋಂಡಾದಲ್ಲಿ ನೌಕರಿಯೂ ಆಯಿತು. ವಿದ್ಯಾರ್ಥಿವೇತನ ಮಾತ್ರ ನಿಂತುಹೋಗಿ ಪ್ರಮಿಳಾ ಖಾನಾಪುರದ ಟೆಲಿಫೋನ್ ಆಫೀಸು ಸೇರಿದಳು. ಅವಳ ಹಾರಾಟದ ಆಯುಷ್ಯವೆಲ್ಲ ಆ ಒಂದು ಸುತ್ತು. ಅದನ್ನೂ ಗುರುಪುತ್ರಪ್ಪನಂಥವರು ಬಿಡಲಿಲ್ಲ. ರಿಜಿಸ್ಟರಿನಲ್ಲಿ ಬರೆದದ್ದು ಸರಕಾರಕ್ಕೆ, ಕೌದಿಯಲ್ಲಿ ಹೊಲಿದದ್ದೇ ನಮಗೆ ಖರೆ ಎಂದು ಸಿಕ್ಕಾಗಲೆಲ್ಲ ಕಾಡುತ್ತಿದ್ದರು. ಅವರ ಕಾಡಾಟ ಅವಳಿಗೆ ಕಾಲ ಕಸ. ಆದರೆ ಗುರುಗಳೂ ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೇ? ಹೋಗಿ ಕೇಳಲು ಸೊಕ್ಕು ಬಿಡಲಿಲ್ಲ. ಈಗ ಕೇಳೋಣವೆಂದರೆ ಮನುಷ್ಯನೇ ಇಲ್ಲ. ಸುಜಯ ತೊಟ್ಟು ಸವೆಸಿ ಬಿಟ್ಟಿದ್ದ ಅದೇ ಅಂಗಿ ಅವಳ ಮಡಿಲಿನ ಚೀಲದಲ್ಲಿತ್ತು. ಯಾಕೆ ತಂದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಈಗ ನಮ್ಮ ಪ್ರಮಿಳಾಬಾಯಿಯವರು," ಗುರುಪುತ್ರಪ್ಪ ಮೈಕಿನಲ್ಲಿ ಹಲ್ಲು ಕಿರಿದ. "ಇವರು ಹಾರಿದ್ರೋ ಇಲ್ಲೋ, ಅದನ್ನ ಗುರುಗಳ ಜೋಡಿನ ಮಣ್ಣ ಮಾಡೇವಿ."

ಸಭೆ ಗೊಳ್ಳೆಂದಿತು. ಪ್ರಮಿಳಾಳ ಕಿವಿ ಕಾದವು. ದಡದಡ ವೇದಿಕೆ ಹತ್ತಿ ಅಂಗಿಯನ್ನು ಹೊರಗೆಳೆದು ಝಾಡಿಸಿದಳು.

"ಹಾರೀನಿ! ಈ ಅಂಗಿ ತೊಟ್ಟ ಹಾರೀನಿ! ಅಣ್ಣಂದು ಅಂತ ಕತ್ತರಿಸಗೊಡಲಿಲ್ಲ, ಅದ ನನ್ನ ತಪ್ಪು. ಶಾಂತಮೂರ್ತಿ ಅಂತೀರಲ್ಲ, ಆ ಶಾಂತಮೂರ್ತಿ ನನಗ ಒಂದ ಬೈಗುಳಾನೂ ಕೊಡಲಿಲ್ಲ. ಎಲ್ಲಾರಿಗೂ ಕೊಟ್ಟ, ನನಗ ಕೊಡಲಿಲ್ಲ!"

ಮುಂದಿನ ಸಾಲಿನಲ್ಲಿ ಆವರೆಗೆ ಆಕಳಿಸುತ್ತ ಕೂತಿದ್ದ ಗಂಗಾದೇವಿ ಮೊಣಕಾಲು ಹಿಡಿದುಕೊಂಡು ಎದ್ದರು.

"ನೀನ ಏನವಾ ಆ ಪ್ರಮಿಳಾ?"

"ಹೌದ್ರಿ, ಅವ್ವಾರ."

"ಗುರುಪುತ್ರ, ಕೌದಿ ತಿರುವಿ ಹಾಕಪಾ."

ಗುರುಪುತ್ರಪ್ಪ ಕೌದಿ ಇಳಿಸಿ ಮಗುಚಿದ. ಒಳಮೈ ಅಂದರೆ ಗಂಗಾದೇವಿಯ ಹಳೆಯ ಸೀರೆ. ಅದರ ಮೇಲೆ ಎದೆಗೆ ಬರುವ ಜಾಗದಲ್ಲಿ ಒಂದೇ ಒಂದು ಖಾಕಿ ತುಂಡು, ಅದರಲ್ಲಿ ಕೆಂಪು ದಾರದ ಹೆಸರು: ಪ್ರಮಿಳಾ.

"ಅವತ್ತ ಮನಿಗೆ ಬಂದಾಗ ಆ ಮುದುಕನ ಅಂಗಿಗೆ ಹಿಂಬದೀನ ಇದ್ದಿಲ್ಲ," ಎಂದರು ಗಂಗಾದೇವಿ. "ಹೊಸಾ ಅಂಗಿ. ಏನ್ರೀ ಇದು, ಯಾವ ನಾಯಿ ಹರೀತು ಅಂದೆ. 'ಹುಡುಗಿ ಹಾರಿದಳು. ಅಂಗಿ ಅಕಿದಲ್ಲ, ಅದಕ್ಕ ನಂದ ಕತ್ತರಿಸಿಕೊಂಡೆ. ಒಳಗಡೆ ಹೊಲಿ' ಅಂದ್ರು. ಒಳಗ್ಯಾಕ್ರಿ ಅಂದ್ರ, 'ಮ್ಯಾಲ ಹಾಕಿದ್ರ ಈ ಮಂಗ್ಯಾನ ಮಕ್ಕಳು, ಗುರು ಹುಡುಗಿ ಸಲುವಾಗಿ ಅಂಗಿ ಹರಕೊಂಡ ಅಂತ ಊರತುಂಬ ಡಂಗುರ ಸಾರ್ತಾರ. ಅಕಿದಿನ್ನೂ ಲಗ್ನ ಆಗಬೇಕು' ಅಂದ್ರು."

ಗುರುಪುತ್ರಪ್ಪ ನೆಲ ನೋಡತೊಡಗಿದ. ಪ್ರಮಿಳಾ ಖಾಕಿ ತುಂಡಿನ ಮೇಲೆ ಕೈಯಿಟ್ಟು ಕೂತುಬಿಟ್ಟಳು. ಸಂತೋಷಕ್ಕಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟು.

"ನನಗ ಒಂದ ಮಾತ ಹೇಳಬಾರದೇನ್ರಿ ಅವ್ವಾರ? ಇಷ್ಟ ವರ್ಷ ಒಳಗೊಳಗ ಸತ್ತೀನಿ."

"ಆ ಮುದುಕನ ಬಾಯಾಗ ಒಳ್ಳೇ ಮಾತ ಎಲ್ಲಿದ್ದುವವಾ! ಅಡಿಗಿ ಹೆಂಗಾಗೇತ್ರಿ ಅಂದ್ರ ನನಗೂ ಸತ್ತಿಲ್ಲಲ್ಲ, ಸಾಕ ಬಿಡು ಅಂತಿದ್ದ." ಗಂಗಾದೇವಿಯ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಬಾಯಿ ಮಾತ್ರ ಜೋರಾಗಿಯೇ ಇತ್ತು. "ಆ ಅಂಗಿ ತೊಟ್ಟ ನಿಂದ್ರ. ಗುರುಪುತ್ರ, ನಿನ್ನ ಅಂಗಡ್ಯಾಗ ಚೀಲ ಬಿಚ್ಚೂ ಕತ್ತರಿ ಇರಬೇಕಲ್ಲ, ತಾ."

ಪ್ರಮಿಳಾ ಸೀರೆಯ ಮೇಲೆಯೇ ಅಣ್ಣನ ಅಂಗಿ ತೊಟ್ಟು ಸಭೆಗೆ ಬೆನ್ನು ಮಾಡಿ ನಿಂತಳು. ಕತ್ತರಿ ಮೊಂಡು, ಬೆಲ್ಲ ಹತ್ತಿ ಅಂಟುತ್ತಿತ್ತು. ಗಂಗಾದೇವಿ ಜಗ್ಗಾಡಿ, ಸೊಟ್ಟಸೊಟ್ಟ ಕತ್ತರಿಸಿ, ತುಂಡನ್ನು ಕೈಯಲ್ಲಿ ಹಿಡಿದರು. ಅವರು ಆಶೀರ್ವಾದದ ಮಾತಾಡುತ್ತಾರೆಂದು ಸಭೆ ಕಾಯಿತು.

"ಹೂಂ," ಎಂದರು ಗಂಗಾದೇವಿ. "ಸತ್ತಿಲ್ಲಲ್ಲ, ಸಾಕ ಬಿಡು."

ಪ್ರಮಿಳಾ ಮಕ್ಕಳ ಹಾಗೆ ಗೋಳೋ ಎಂದು ಅತ್ತಳು. ಅಳುತ್ತಲೇ ನಗು ಬಂತು. ಸೆರಗಿನಿಂದ ಮೂಗೊರೆಸಿಕೊಂಡು, ಗುರುಪುತ್ರಪ್ಪನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು:

"ಈ ಸಲ ಮ್ಯಾಲ ಹೊಲೀರಿ ಅವ್ವಾರ. ನಂದು ಲಗ್ನ ಆಗೇತಿ."