ಹೊಂದಿತ್ತಂತೆ

ಮುನಿರಾಜು ತೀರಿಕೊಂಡ ಬೆಳಿಗ್ಗೆ ಮನೆಯಲ್ಲಿ ಯಾರೂ ಹೆದರಿರಲಿಲ್ಲ. ಹೇಮಶ್ರೀಗೆ ಎಷ್ಟು ಯೋಚಿಸಿದರೂ ಅರ್ಥವಾಗದೆ ಉಳಿದದ್ದು ಅದೇ. ಗಂಡನ ಕಿಡ್ನಿ ಕೈಕೊಟ್ಟಾಗಿನಿಂದ ಅವನು ಕೆಮ್ಮಿದರೆ ಹೆದರಿದ್ದಳು, ಕಾಲು ಊದಿದರೆ ಹೆದರಿದ್ದಳು, ಡಯಾಲಿಸಿಸ್ ಮುಗಿಸಿ ಬರುವುದು ತುಸು ತಡವಾದರೆ ಹಲಸೂರಿನ ತಮ್ಮ ಓಣಿಯ ತುದಿಗೆ ಹೋಗಿ ನಿಂತಿದ್ದಳು. ಅವತ್ತು ಮಾತ್ರ ಏನೂ ಅನಿಸಿರಲಿಲ್ಲ. ಅವನು ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ, ತಾಯಿ ಅಂಜಿನಮ್ಮನಿಗೆ ಕಾಫಿ ಕೊಟ್ಟು, ಡಯಾಲಿಸಿಸ್‌ಗೆ ಹೊರಡಲೆಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ಹೇಮಾ, ಛತ್ರಿ ಎಲ್ಲಿಟ್ಟೆ?" ಎಂದ.

ಅವಳು ಹುಡುಕಿ ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ತಮಾಷೆ ಮಾಡ್ತಿದಾನೆ ಅಂದುಕೊಂಡು, "ಏಳ್ರೀ, ಲೇಟಾಯ್ತು," ಎಂದು ಛತ್ರಿಯ ತುದಿಯಿಂದ ಭುಜಕ್ಕೆ ತಿವಿದಳು. ಅವನು ಪಕ್ಕಕ್ಕೆ ಜಾರಿದ.

ಹೃದಯ ನಿಂತಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಒಮ್ಮೊಮ್ಮೆ ಹೀಗಾಗುತ್ತೆ ಎಂದರು ಆಸ್ಪತ್ರೆಯವರು. ಅವಳು ತಲೆಯಾಡಿಸಿದಳು. ಕೈಯಲ್ಲಿ ಛತ್ರಿ ಇನ್ನೂ ಇತ್ತು.

ಮುನಿರಾಜು ಶಿವಾಜಿನಗರದಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಎರಡಾಳು ನಿಂತರೆ ತುಂಬಿಹೋಗುವಂಥ ಅಂಗಡಿ. ತಮಿಳಿನವರ ಜೊತೆ ತಮಿಳು, ದಖನಿಯವರ ಜೊತೆ ದಖನಿ ಉರ್ದು, ಮನೆಗೆ ಬಂದರೆ ಕನ್ನಡ. ಕಾಯಿಲೆ ಬಂದ ಮೇಲೂ ಅಂಗಡಿ ಬಿಡಲಿಲ್ಲ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕೂತು ಕೆಲಸ ಮಾಡಿದ. ಹೇಮಶ್ರೀ ಜೀವನ್ ಬಿಮಾ ನಗರದ ಒಂದು ಸ್ಕೂಲಿನಲ್ಲಿ ಟೀಚರ್. ಅವಳು ಬೇಗ ಹೊರಡಬೇಕಾದ್ದರಿಂದ ಬೆಳಗಿನ ಅಡುಗೆ ಅವನದೇ. ತಾನು ಉಪ್ಪು ತಿನ್ನುವ ಹಾಗಿರಲಿಲ್ಲ. ಸಾರು ಕುದಿಯುವಾಗ ಮಗಳು ನಿಖಿತಾಳನ್ನು ಕರೆದು, "ಬಾರಮ್ಮ ಡಾಕ್ಟ್ರೇ, ಟೆಸ್ಟ್ ಮಾಡು," ಎಂದು ಅವಳ ಅಂಗೈಗೆ ಒಂದು ತೊಟ್ಟು ಹಾಕುತ್ತಿದ್ದ. ನೀರಿಗೂ ಲೆಕ್ಕ. ಬೇಸಿಗೆಯಲ್ಲಿ ಒಂದು ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತರೆ, ಅವನ ಮುಖ ನೋಡಿ ಹೇಮಶ್ರೀ ತನ್ನ ಲೋಟವನ್ನು ಅಡುಗೆಮನೆಗೆ ಒಯ್ದು ಕುಡಿಯುತ್ತಿದ್ದಳು.

ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅವನ ಎಡಗೈಯ ರಕ್ತನಾಳಗಳನ್ನು ಕೂಡಿಸಿದ್ದರು. ಅಲ್ಲಿ ಕಿವಿ ಇಟ್ಟರೆ ಗುಂಯ್ ಎಂಬ ಸದ್ದು. ಚಿಕ್ಕವಳಿದ್ದಾಗ ನಿಖಿತಾ ಅದಕ್ಕೆ ಅಪ್ಪನ ಮೋಟಾರು ಅನ್ನುತ್ತಿದ್ದಳು, ಅದರ ಮೇಲೆ ತಲೆಯಿಟ್ಟರೇ ಅವಳಿಗೆ ನಿದ್ದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಮುದಸ್ಸಿರ್ ಬಂದ. ಡಯಾಲಿಸಿಸ್ ಸೆಂಟರಿನಲ್ಲಿ ಅವನದು ಮುನಿರಾಜುವಿನ ಪಕ್ಕದ ಮಂಚ; ಇಬ್ಬರೂ ವರ್ಷಗಟ್ಟಲೆ ಒಂದೇ ಹೊತ್ತಿಗೆ ಮಲಗಿ, ಕ್ರಿಕೆಟ್ಟು, ಮಕ್ಕಳು, ಮನೆ ಎಂದು ಮಾತಾಡಿದವರು. ರಿಚರ್ಡ್ಸ್ ಟೌನಿನಲ್ಲಿ ಅಕ್ಕನ ಮನೆಯಲ್ಲಿದ್ದ. ಫೋಟೋದ ಮುಂದೆ ಸುಮಾರು ಹೊತ್ತು ನಿಂತು, ಆಮೇಲೆ ಹೇಮಶ್ರೀಯ ಎದುರು ಚಾಪೆಯ ಮೇಲೆ ಕೂತ. ಅಂಜಿನಮ್ಮ ಪಕ್ಕದಲ್ಲೇ ಗೋಡೆಗೊರಗಿದ್ದಳು. ಊಟ ಮುಗಿಸಿದ ನೆಂಟರು ಹೊರಗೆ ಶಾಮಿಯಾನದ ಕೆಳಗೆ ಮಾತಾಡುತ್ತಿದ್ದರು.

"ಆ ಮಂಚಕ್ಕೆ ಬೇರೆ ಯಾರೋ ಬಂದವ್ರೆ ಭಾಭಿ," ಎಂದ ಮುದಸ್ಸಿರ್. "ನಂಗೆ ಆ ಕಡೆ ತಿರುಗೋಕೆ ಆಗ್ತಿಲ್ಲ."

"ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ರು ಭಾಯ್."

"ನಾನೇ ಅವ್ನಿಗೆ ಬಯ್ತಿದ್ದೆ. ನಂಗೆ ಕಿಡ್ನಿ ಕೊಡೋರು ಯಾರೂ ಇಲ್ಲ, ಬೀವಿ ಇಲ್ಲ, ಅಕ್ಕಂಗೆ ಶುಗರು. ನಿಂಗೆ ಕೊಡೋರು ಮನೇಲೇ ಇದ್ರೂ ಬೇಡ ಅಂದ್ಯಲ್ಲೋ ಪಾಗಲ್ ಅಂತ ಎಷ್ಟು ಸಲ ಬಯ್ದಿದೀನಿ. ನಗ್ತಿದ್ದ ಅಷ್ಟೇ."

ಹೇಮಶ್ರೀಗೆ ತಿಳಿಯಲಿಲ್ಲ. "ಮನೇಲಿ ಯಾರಿದ್ರು ಕೊಡೋಕೆ?"

"ನೀವೇ ಅಲ್ವಾ? ನಿಮ್ದು ಮ್ಯಾಚ್ ಆಗಿತ್ತಲ್ಲ..."

ಮಾತು ಅರ್ಧಕ್ಕೇ ನಿಂತಿತು. ಅವಳ ಮುಖ ನೋಡಿದವನು ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡ. "ಯಾ ಅಲ್ಲಾಹ್. ನಿಮಗೆ ಗೊತ್ತಿಲ್ವಾ?"

ಅವಳಿಗೆ ಗೊತ್ತಿದ್ದದ್ದೇ ಬೇರೆ. ನಿಖಿತಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಹೇಮಶ್ರೀ ತನ್ನ ಕಿಡ್ನಿ ಕೊಡುತ್ತೇನೆಂದು ಹಠ ಹಿಡಿದು ಎಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದಳು. ರಿಸಲ್ಟು ಬರುವ ದಿನ ಸ್ಕೂಲಿನಲ್ಲಿ ರಜೆ ಸಿಗದೆ ಅವನೊಬ್ಬನೇ ಡಾಕ್ಟರ ಹತ್ತಿರ ಹೋಗಿದ್ದ. ಸಂಜೆ ಬಂದು, ಒಲೆಯ ಮುಂದಿದ್ದವಳ ಬೆನ್ನಿಗೆ ಹೇಳಿದ್ದ, "ಹೊಂದ್ಲಿಲ್ಲ ಕಣೇ." ಅವಳು ಅಲ್ಲೇ ಕುಸಿದು ಕೂತು, ನನ್ನ ಕ್ಷಮಿಸಿಬಿಡಿ ರೀ, ನನ್ನ ಮೈ ನಿಮ್ಮ ಉಪಯೋಗಕ್ಕೆ ಬರ್ಲಿಲ್ಲ ಎಂದು ಅತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಅವಳ ತಲೆ ಸವರಿದ್ದ. ಅವನೇ ಅವಳನ್ನು ಸಮಾಧಾನ ಮಾಡಿದ್ದ! ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿನ್ನಿಸಿ, ತಾನು ಸುಮ್ಮನೆ ನೋಡುತ್ತ ಕೂತಿದ್ದ.

"ಏನಂದ ಇವ್ನು?" ಅಂಜಿನಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. "ಇವಳದು ಹೊಂದಿತ್ತಾ?"

ಮುದಸ್ಸಿರ್ ಹೌದೆಂದು ತಲೆಯಾಡಿಸಿದ. ಮುದುಕಿ ಹಣೆ ಚಚ್ಚಿಕೊಳ್ಳತೊಡಗಿದಳು. ಒಮ್ಮೆ ಜಗಳದಲ್ಲಿ, "ಕಟ್ಕೊಂಡ ಗಂಡಂಗೇ ಆಗದ ರಕ್ತ ನಿಂದು," ಎಂದು ಅವಳು ಸೊಸೆಯನ್ನು ಅಂದದ್ದಿತ್ತು. ಅವತ್ತು ಮುನಿರಾಜು ಅನ್ನದ ತಟ್ಟೆ ಬಿಟ್ಟು ಎದ್ದುಹೋಗಿ, ಎಷ್ಟೋ ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದ. ಆದರೂ ಬಾಯಿ ಬಿಟ್ಟಿರಲಿಲ್ಲ.

"ಯಾಕೆ?" ಎಂದಳು ಹೇಮಶ್ರೀ.

ಮುದಸ್ಸಿರ್ ನೆಲ ನೋಡುತ್ತ ಹೇಳಿದ. "ಮಗು ಹುಟ್ಟೋವಾಗ ನೀವು ಬದುಕೋದೇ ಡೌಟು ಅಂದಿದ್ರಂತೆ. ಆಪರೇಷನ್ ಥಿಯೇಟರ್ ಬಾಗಿಲ ಮುಂದೆ ನಿಂತಿದ್ದು ಒಂದು ಸಲ ಸಾಕು ಭಾಯ್, ಇನ್ನೊಂದು ಸಲ ನನ್ನ ಕೈಲಾಗಲ್ಲ ಅಂತಿದ್ದ. ಇಬ್ರೂ ಮಲ್ಗಿದ್ರೆ ನನ್ನ ಮಗಳನ್ನ ಯಾರು ನೋಡ್ತಾರೆ, ಮಷಿನ್ ಮೇಲೆ ನಾನು ಎಷ್ಟು ದಿನ ಬೇಕಾದ್ರೂ ಎಳೀತೀನಿ ಅಂತಿದ್ದ."

ಮುದಸ್ಸಿರ್ ಹೋದ ಮೇಲೂ ಹೇಮಶ್ರೀ ಕೂತಲ್ಲೇ ಕೂತಿದ್ದಳು. ಗಂಡ ಸತ್ತ ದಿನ ಆದ ಆಘಾತಕ್ಕೆ ಒಂದು ಹೆಸರಾದರೂ ಇತ್ತು. ಇದಕ್ಕೆ ಇರಲಿಲ್ಲ. ಯಾರಿಗೆಂದು ಅಳುವುದು, ಯಾರನ್ನೆಂದು ಬಯ್ಯುವುದು?

ಮರುದಿನ ಅವಳು ಡಾಕ್ಟರನ್ನು ಕಾಣಲು ಹೋದಳು. ತಲೆ ನರೆತ ಆ ಮನುಷ್ಯ ಮುನಿರಾಜುವನ್ನು ಮೊದಲಿನಿಂದ ನೋಡಿದವರು. ಅವಳು ಪ್ರಶ್ನೆ ಮುಗಿಸುವ ಮೊದಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೌದಮ್ಮ. ಹೊಂದಿತ್ತು. ನೀವು ಆರೋಗ್ಯವಾಗೇ ಇದ್ರಿ. ನಾನು ಅವ್ರಿಗೆ ಬಿಡಿಸಿ ಹೇಳ್ದೆ, ಆದ್ರೂ ಬೇಡ ಅಂದ್ರು. ಹೆಂಡ್ತಿಗೆ ನಾನೇ ಹೇಳ್ತೀನಿ ಅಂದ್ರು, ನಾನು ನಂಬಿದೆ."

"ನನ್ನನ್ನ ಕರೆದು ಒಂದು ಮಾತು ಕೇಳ್ಬಹುದಿತ್ತಲ್ಲ ಸಾರ್?"

"ಕೇಳ್ಬೇಕಿತ್ತು," ಎಂದರು ಡಾಕ್ಟರು.

ಮನೆಗೆ ಬಂದಾಗ ಅಂಜಿನಮ್ಮ ಬೆಳಗಿನಿಂದ ಏನೂ ತಿನ್ನದೆ ಹೊಸ್ತಿಲಲ್ಲಿ ಕೂತಿದ್ದಳು. ಸೊಸೆಯನ್ನು ಕಂಡವಳೇ ಬಗ್ಗಿ ಕಾಲು ಮುಟ್ಟಲು ಹೋದಳು. ಹೇಮಶ್ರೀ ಎರಡು ಹೆಜ್ಜೆ ಹಿಂದಕ್ಕೆ ಸರಿದುಬಿಟ್ಟಳು.

"ಅತ್ತೆ, ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇವ್ರ ಮೇಲೆ," ಎಂದು ಫೋಟೋದತ್ತ ಕೈ ಮಾಡಿದಳು. ಅವಳ ದನಿ ಅವಳಿಗೇ ತಿಳಿಯದ ಹಾಗೆ ಏರಿತು. "ನನ್ನ ಮೈ ಅದು! ನಂಗೊಂದು ಮಾತು ಕೇಳ್ಬೇಡ್ವಾ? ಅಷ್ಟು ವರ್ಷ ಸೂಜಿ ಚುಚ್ಚಿಸ್ಕೊಂಡು ಬಂದು ನಗ್ತಾ ಕೂತಿರ್ತಿದ್ರಲ್ಲ, ನಾನು ನೀರು ಕದ್ದು ಕುಡೀತಿದ್ನಲ್ಲ ರೀ!"

ಒಳಗೆ ಓದುತ್ತಿದ್ದ ನಿಖಿತಾ ಓಡಿಬಂದಳು. ಈಗ ಅವಳು ಕಾಲೇಜಿಗೆ ಹೋಗುವ ಹುಡುಗಿ. ನಿನ್ನೆ ನಡೆದದ್ದು ಅವಳ ಕಿವಿಗೂ ಬಿದ್ದಿತ್ತು. ಅಮ್ಮ ಈ ರೀತಿ ಕೂಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ಅಪ್ಪ ಕೇಳಿದ್ರೆ ಕೊಡ್ತಿದ್ಯಾ ಅಮ್ಮ?"

"ಕೊಡ್ತಿದ್ದೆ."

"ಭಯ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ತುಂಬಾ ಆಗ್ತಿತ್ತು. ಆದ್ರೂ ಕೊಡ್ತಿದ್ದೆ."

"ಅಪ್ಪಂಗೆ ಅದು ಗೊತ್ತಿತ್ತು," ಎಂದಳು ನಿಖಿತಾ. "ನೀನು ಕೊಡಲ್ಲ ಅನ್ನೋ ಹಾಗಿದ್ರೆ ನಿಜ ಹೇಳ್ತಿದ್ರು."

ಹೇಮಶ್ರೀ ಮಗಳನ್ನು ನೋಡಿದಳು. ಅದು ನಿಜವಿರಬಹುದು. ನಿಜವಾದರೂ ಸಿಟ್ಟು ಇಳಿಯಲಿಲ್ಲ. ಈಗಲೇ ಇಳಿಯುವಂಥದ್ದೂ ಅಲ್ಲ ಅದು ಎಂದು ಅವಳಿಗೆ ಗೊತ್ತಾಯಿತು. ಆದರೆ ಇಷ್ಟು ದಿನ ಕಲ್ಲಿನಂತಿದ್ದ ಕಣ್ಣು ತುಂಬಿಬಂತು. ಅತ್ತೆಯ ಪಕ್ಕದಲ್ಲಿ ಹೊಸ್ತಿಲ ಮೇಲೇ ಕೂತು, ಓಣಿಯಲ್ಲಿ ಹೋಗುವವರು ನಿಂತು ನೋಡಿದರೂ ಲೆಕ್ಕಿಸದೆ, ಅವಳು ಬಾಯಿಬಿಟ್ಟು ಅತ್ತಳು. ಅಂಜಿನಮ್ಮ ಮುಟ್ಟಲೋ ಬೇಡವೋ ಎಂದು ಕೈ ಚಾಚಿದಳು. ಈ ಸಲ ಹೇಮಶ್ರೀ ಸರಿಯಲಿಲ್ಲ.