ಕೂತ ಹನ್ನೊಂದು ಇಲಿಗಳು

ಇಲಿಯ ಮೂತ್ರದ ವಾಸನೆಗೆ ಸ್ವಿಲೆನಾಳ ಮೂಗು ಇಪ್ಪತ್ತೊಂದು ವರ್ಷದ ಹಿಂದೆಯೇ ಸತ್ತುಹೋಗಿತ್ತು. ಪ್ಲೊವ್ದಿವ್ ನಗರದ ಒಂದು ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಪಂಜರ ತೊಳೆದು, ಇಲಿಗಳ ಬಾಲದ ನರಕ್ಕೆ ಸೂಜಿ ಚುಚ್ಚಿ, ಸತ್ತವನ್ನು ಹಳದಿ ಚೀಲಕ್ಕೆ ತುಂಬಿ, ಕೈ ತೊಳೆದುಕೊಂಡು ಅಲ್ಲೇ ಮೂಲೆಯಲ್ಲಿ ಬ್ರೆಡ್ಡು ಚೀಸು ತಿನ್ನುವುದು ಅವಳಿಗೆ ರೂಢಿಯಾಗಿತ್ತು. ಅಂಥವಳಿಗೆ ಹೇಸಿಗೆ ಅನ್ನುವುದು ಮತ್ತೆ ಬಂದದ್ದು ಈ ಸೆಪ್ಟೆಂಬರಿನಲ್ಲಿ, ತನ್ನ ಮನೆಯ ಟೀವಿ ಎದುರು.

ಟೀವಿಯಲ್ಲಿ ಅವಳ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ತಾಂಚೆವ್ ಕಾಣಿಸಿಕೊಂಡಿದ್ದ. ಮಡಿಕೆಯ ಗೆರೆಯೂ ಹೋಗಿರದ ಹೊಸ ಓಟದ ಉಡುಪು ತೊಟ್ಟು, ಓಡಿದ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದು ಮುಕ್ಕಾಲು ಪಾಲು ತಗ್ಗಿತೆಂದು ಹೇಳುತ್ತಿದ್ದ. ಓಡುವ ಮೈ ಸಕ್ಕರೆಯನ್ನೆಲ್ಲ ತಾನೇ ತಿಂದು ಗೆಡ್ಡೆಯನ್ನು ಉಪವಾಸ ಕೆಡವುತ್ತದಂತೆ. ಕೂತವರ ಕುರ್ಚಿಯೇ ಕ್ಯಾನ್ಸರಿನ ತೊಟ್ಟಿಲಂತೆ. ಮೂರನೇ ಮಹಡಿಗೂ ಲಿಫ್ಟಿಲ್ಲದೆ ಹೋಗದ ಗಿರಾಕಿ ಇವನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆದರೆ ಸ್ವಿಲೆನಾಗೆ ಹೇಸಿಗೆಯಾದದ್ದು ಅದಕ್ಕಲ್ಲ. ಆ ಮುಕ್ಕಾಲು ಪಾಲು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಅದು ಅವಳದೇ ಕೈಕೆಲಸ.

ಇಪ್ಪತ್ತನಾಲ್ಕು ಇಲಿಗಳನ್ನು ಓಡಿಸುವುದು, ಇಪ್ಪತ್ತನಾಲ್ಕನ್ನು ಸುಮ್ಮನೆ ಕೂರಿಸುವುದು, ಎರಡೂ ಗುಂಪಿಗೆ ಚರ್ಮದ ಕ್ಯಾನ್ಸರಿನ ಜೀವಕೋಶಗಳನ್ನು ಚುಚ್ಚುವುದು, ಕೊನೆಗೆ ಎಲ್ಲವನ್ನೂ ಕೊಯ್ದು ಶ್ವಾಸಕೋಶದ ಮೇಲೆ ಕಾಯಿಲೆ ಹರಡಿದ ಗುರುತಾದ ಕಪ್ಪು ಚುಕ್ಕೆ ಎಣಿಸುವುದು, ಇಷ್ಟೇ ಪ್ರಯೋಗ. ಇಲಿಗಳು ಓಡುವ ತಿರುಗುಪಟ್ಟಿಯ ಹಿಂದೆ ಒಂದು ತಂತಿಜಾಲವಿತ್ತು. ನಿಂತ ಇಲಿ ಜಾರಿ ಅದರ ಮೇಲೆ ಬಿದ್ದರೆ ಚುರುಕ್ಕೆಂದು ವಿದ್ಯುತ್ತು ಹೊಡೆಯುತ್ತಿತ್ತು. ಹೊಡೆತಕ್ಕೆ ಹೆದರಿ ಎಲ್ಲವೂ ಓಡುತ್ತಿದ್ದವು. ಸೂಜಿ ಚುಚ್ಚಿ ಎರಡು ವಾರ ಕಳೆದ ಮೇಲೆ ಮಾತ್ರ ಕೆಲವು ಓಡಲಿಲ್ಲ. ಬೆನ್ನು ಗೂನು ಮಾಡಿಕೊಂಡು, ರೋಮ ಕೆದರಿಕೊಂಡು, ತಂತಿಯ ಮೇಲೆ ಕೂತು ಹೊಡೆತ ತಿನ್ನುತ್ತಿದ್ದವು. ಮೂರು ದಿನ ಹಾಗೆ ಕೂತವನ್ನು ಆ ಪ್ರಯೋಗಾಲಯದಲ್ಲಿ ಮೊದಲಿನಿಂದಲೂ 'ಸೋಮಾರಿ' ಎಂದು ಬರೆದು ಕೂರುವವುಗಳ ಪಂಜರಕ್ಕೆ ಹಾಕುತ್ತಿದ್ದರು. ಓಡದ್ದು ಕೂತದ್ದೇ ತಾನೇ ಎಂಬುದು ತಾಂಚೆವ್‌ನ ತರ್ಕ, ಯಾರೂ ಎದುರಾಡಿದವರಿಲ್ಲ. ಸ್ವಿಲೆನಾ ಹೀಗೆ ಹನ್ನೊಂದನ್ನು ಬಾಲ ಹಿಡಿದು ಎತ್ತಿ ಹಾಕಿದ್ದಳು.

ಓಡುವ ಗುಂಪಿನಲ್ಲಿ ಉಳಿದದ್ದು ಹದಿಮೂರು. ಅವುಗಳಲ್ಲಿ ಚುಕ್ಕೆ ಕಂಡದ್ದು ಎರಡಕ್ಕೆ. ಕೂತ ಮೂವತ್ತೈದರಲ್ಲಿ ಇಪ್ಪತ್ತಮೂರಕ್ಕೆ. ಆ ಹನ್ನೊಂದನ್ನು ಅವುಗಳ ಜಾಗಕ್ಕೆ ವಾಪಸು ಹಾಕಿ ಎಣಿಸಿದರೆ ಎರಡು ಗುಂಪಿಗೂ ಒಂದೇ ಒಂದು ಇಲಿಯ ವ್ಯತ್ಯಾಸ. ಓಟ ಒಳ್ಳೆಯದೇ ಇರಬಹುದು, ಇಲ್ಲವೆಂದವರು ಯಾರು, ಆದರೆ ಈ ಇಲಿಗಳಂತೂ ಅದನ್ನು ಹೇಳಿರಲಿಲ್ಲ. ಇದನ್ನು ಅವಳು ತಾಂಚೆವ್‌ಗೆ ಹೋದ ವರ್ಷವೇ ಒಮ್ಮೆ ಹೇಳಿ ನೋಡಿದ್ದಳು. ಪಂಜರ ತೊಳೆಯುವವರು ಪಂಜರ ತೊಳೆಯಬೇಕು ಎಂದು ಅವನು ನಕ್ಕ. ಅವಳೂ ಬಾಯಿ ಮುಚ್ಚಿಕೊಂಡಳು, ಆ ಮುಚ್ಚಿಕೊಂಡ ಬಾಯಿಯೇ ಆಮೇಲೆ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು.

ಯಾಕೆಂದರೆ ಅದೇ ಟೀವಿಯನ್ನು ಅವಳ ಭಾವ ರಾಂಗೆಲ್ ಕೂಡ ನೋಡಿದ್ದ.

ರಾಂಗೆಲ್ ದೋಣಿಗೆ ಹುಟ್ಟು ಹಾಕುವ ಹುಡುಗರಿಗೆ ಮೂವತ್ತು ವರ್ಷ ತರಬೇತಿ ಕೊಟ್ಟು ನಿವೃತ್ತನಾದವನು. ಅವನ ಹೆಂಡತಿ, ಸ್ವಿಲೆನಾಳ ಅಕ್ಕ ದಫಿನಾ, ಜೀವಮಾನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತವಳು. ಎರಡು ವರ್ಷದ ಹಿಂದೆ ಅವಳ ಮೀನಖಂಡದ ಮೇಲಿನ ಮಚ್ಚೆಯೊಂದು ಕ್ಯಾನ್ಸರೆಂದು ಕತ್ತರಿಸಿ ತೆಗೆದಿದ್ದರು. ಕೂತು ಕೂತೇ ಬರಿಸಿಕೊಂಡಳು ಎಂದು ಊರು ಆಡಿಕೊಂಡಿತ್ತು. ಈಗ ಪ್ರೊಫೆಸರೇ ಹೇಳಿದ ಮೇಲೆ ಕೇಳಬೇಕೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಾಂಗೆಲ್ ದಿನಾ ಬೆಳಿಗ್ಗೆ ಏಳಕ್ಕೆ ಹೆಂಡತಿಯನ್ನು ದೋಣಿ ಸ್ಪರ್ಧೆಯ ಕಾಲುವೆಯ ದಂಡೆಗೆ ಕರೆದುಕೊಂಡು ಹೋಗಿ ಓಡಿಸತೊಡಗಿದ. ಅವಳು ಕಾಲಲ್ಲಿ, ಅವನು ಪಕ್ಕದಲ್ಲಿ ಸೈಕಲ್ ಮೇಲೆ, ಬಾಯಲ್ಲಿ ಸೀಟಿ. ದೋಣಿಯವರನ್ನು ಅವನು ಹೀಗೇ ದಂಡೆಯುದ್ದಕ್ಕೂ ಸೈಕಲ್ಲಿನಲ್ಲಿ ಅಟ್ಟುತ್ತಿದ್ದವನು. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯನ್ನು ಸೀಟಿ ಊದಿ ಅಲ್ಲದೆ ಬೇರೆ ರೀತಿ ತೋರಿಸಲು ಆ ಗಂಡಸಿಗೆ ಬರುತ್ತಿರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಸ್ವಿಲೆನಾ ಅಲ್ಲಿಗೆ ಹೋದಾಗ ದಫಿನಾ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ಉಸಿರು ಮೇಲೆ ಬರುತ್ತಿರಲಿಲ್ಲ, ಒಣ ಕೆಮ್ಮು ಬೇರೆ. ರಾಂಗೆಲ್ ಸುತ್ತ ಸೈಕಲ್ ತುಳಿಯುತ್ತ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗುತ್ತಿದ್ದ. ಸ್ವಿಲೆನಾ ಅಕ್ಕನ ಬೆನ್ನು ನೋಡಿದಳು. ಗೂನಾಗಿತ್ತು. ಕೂದಲು ನೋಡಿದಳು, ಹೊಳಪಿಲ್ಲದೆ ಕೆದರಿಕೊಂಡಿತ್ತು. ಆ ಭಂಗಿಯನ್ನು ಅವಳು ಹನ್ನೊಂದು ಸಲ ಕಂಡಿದ್ದಳು.

"ಮುಂಚೆ ಮೂರು ಸುತ್ತು ಓಡ್ತಿದ್ದೆ ಕಣೆ," ಎಂದಳು ದಫಿನಾ, ತಪ್ಪು ಒಪ್ಪಿಸುವ ಮಗುವಿನಂತೆ. "ಈಗ ಅರ್ಧಕ್ಕೇ ಕೂತ್ಬಿಡ್ತೀನಿ. ಮನಸ್ಸು ಮಾಡಲ್ಲ ಅಂತಾರೆ ಇವ್ರು. ಇದ್ರೂ ಇರ್ಬೋದು."

ತಕ್ಷಣ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ ಎಂದು ಸ್ವಿಲೆನಾ ಭಾವನಿಗೆ ಹೇಳಿದಳು. ಡಿಸೆಂಬರಿಗೆ ತಪಾಸಣೆ ಇದ್ದೇ ಇದೆಯಲ್ಲ, ಅಷ್ಟರಲ್ಲಿ ಮೈ ಹದಕ್ಕೆ ಬಂದಿರಲಿ, ತಾಂಚೆವ್‌ನನ್ನೂ ಕೇಳಿದ್ದೇನೆ ಎಂದ ರಾಂಗೆಲ್. ತಾಂಚೆವ್ ಅವನ ಹಳೆಯ ಗೆಳೆಯ. ಹುಡುಗರಾಗಿದ್ದಾಗ ಇಬ್ಬರೂ ಒಂದೇ ದೋಣಿಗೆ ಹುಟ್ಟು ಹಾಕಿದವರು. ಕಾರಣ ಹೇಳಬೇಕಾದರೆ ಸ್ವಿಲೆನಾ ಇಲಿಗಳ ಕಥೆ ಬಿಚ್ಚಬೇಕಿತ್ತು, ಬಿಚ್ಚಿದರೆ ಕೆಲಸ ಹೋಗುತ್ತಿತ್ತು. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಅವಳು ಇನ್ನೂ ಮೂರು ವಾರ ಬಾಯಲ್ಲೇ ಇಟ್ಟುಕೊಂಡಳು. ಛೀ ಅನ್ನಿಸಿಕೊಳ್ಳಬೇಕಾದದ್ದೇ.

ನವೆಂಬರ್ ಎಂಟು ದೇವದೂತರ ಹಬ್ಬ, ರಾಂಗೆಲ್ ಹೆಸರಿನವರದೆಲ್ಲ ಹೆಸರಿನ ದಿನ, ಹುಟ್ಟುಹಬ್ಬದಷ್ಟೇ ದೊಡ್ಡದು. ಆ ದಿನ ಯಾರನ್ನೂ ಕರೆಯುವುದಿಲ್ಲ, ಬಂದವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಸುಟ್ಟ ಕುರಿ, ಉಪ್ಪಿನಲ್ಲಿ ಹಾಕಿದ ಕೋಸು, ಚೀಸು ತುಂಬಿ ಬೇಯಿಸಿದ ಬಾನಿತ್ಸಾ ರೊಟ್ಟಿ, ಹಣ್ಣಿನ ಸಾರಾಯಿ ರಾಕಿಯಾ ಎಲ್ಲ ಸಜ್ಜಾಗಿತ್ತು. ಎಲ್ಲ ದಫಿನಾಳೇ ಮಾಡಿದ್ದು, ನಡುನಡುವೆ ಒಲೆಯ ಕಟ್ಟೆ ಹಿಡಿದು ನಿಂತು ಕೆಮ್ಮುತ್ತ. ತಾಂಚೆವ್ ಪ್ರತಿ ವರ್ಷದಂತೆ ಬಂದ, ಪ್ರತಿ ವರ್ಷದಂತೆ ಮೇಜಿನ ತುದಿಯ ದೊಡ್ಡವರ ಜಾಗದಲ್ಲಿ ಕೂತ. ಕುರಿಯ ಪಕ್ಕೆಲುಬನ್ನು ಎರಡು ಕೈಯಲ್ಲಿ ಹಿಡಿದು ಸೀಪಿದ. ಕೊಬ್ಬು ಗಲ್ಲದಿಂದ ಇಳಿದು ಅಂಗಿಯ ಕಾಲರಿಗೆ ಮುಟ್ಟಿತು. ಆ ಕೈಯಲ್ಲೇ ಲೋಟ ಎತ್ತಿ, ಚಲನೆಯೇ ಜೀವನ ಎಂದು ಹರಸಿದ. ಲೋಟದ ಮೇಲೆ ಮೂಡಿದ ಜಿಡ್ಡು ಬೆರಳಚ್ಚು ನೋಡಿ ಸ್ವಿಲೆನಾ ತನ್ನ ತಟ್ಟೆಯನ್ನು ದೂರ ಸರಿಸಿದಳು.

ದಫಿನಾ ಕೊನೆಯ ತಟ್ಟೆ ಇಟ್ಟು ಸುಸ್ತಾಗಿ ಕುರ್ಚಿಗೆ ಕುಸಿದದ್ದು ಆಗಲೇ. ತಾಂಚೆವ್ ಕಣ್ಣು ಮಿಟುಕಿಸಿದ.

"ಏನಮ್ಮ, ಮತ್ತೆ ಕೂತ್ಯಾ? ನಮ್ ಹತ್ರ ಇಂಥ ಸೋಮಾರಿ ಇಲಿಗಳಿಗೆ ಕರೆಂಟ್ ಕೊಡ್ತೀವಿ. ಸ್ವಿಲೆನಾನ ಕೇಳು."

ಎಲ್ಲರೂ ನಕ್ಕರು. ದಫಿನಾ ಕೂಡ ನಕ್ಕಳು, ನಗುತ್ತಲೇ ಏಳಲು ಮೇಜಿನ ಅಂಚು ಹಿಡಿದಳು. ಅವಳು ಏಳಲು ಹೊರಟದ್ದನ್ನು ಸ್ವಿಲೆನಾ ಸಹಿಸಲಾರದೆ ಹೋದಳು.

"ಕೂತ್ಕೋ ಅಕ್ಕ," ಎಂದಳು. ಆಮೇಲೆ ಭಾವನ ಕಡೆ ತಿರುಗಿ, ಮೇಜಿನ ಮೇಲಿನ ಆಲಿವ್ ಬೀಜಗಳನ್ನೇ ಇಲಿಗಳಂತೆ ಎರಡು ಗುಂಪಾಗಿ ಸರಿಸಿ, ತಾನು ಏನು ಮಾಡಿದ್ದೆನೆಂದು ಮೊದಲಿಂದ ಕೊನೆಯವರೆಗೆ ಹೇಳಿದಳು. ಹನ್ನೊಂದು ಬೀಜ ಇತ್ತಿಂದತ್ತ ಹೋದವು. ಹೋದ ಮೇಲೆ ಓಡುವವು ಹೇಗೆ ಗೆದ್ದವೆಂದು ಕುಡಿದವರಿಗೂ ಕಾಣುವಂತಿತ್ತು. "ಅವು ಕೂತಿದ್ದಕ್ಕೆ ಕಾಯ್ಲೆ ಹರಡ್ಲಿಲ್ಲ ಭಾವ. ಹರಡಿದ್ದಕ್ಕೆ ಕೂತ್ವು. ಉಸಿರೇ ಸಿಗ್ತಿರ್ಲಿಲ್ಲ ಅವಕ್ಕೆ. ನಾವು ಸೋಮಾರಿ ಅಂತ ಬರ್ಕೊಂಡ್ವಿ."

ಇಲಿ ಸಾಕಿ ಸಾಕಿ ಇವಳಿಗೆ ತಲೆ ಕೆಟ್ಟಿದೆ ಎಂದ ತಾಂಚೆವ್, ಬಾಯಲ್ಲಿ ಮಾಂಸ ಇಟ್ಟುಕೊಂಡೇ. ಸೋಮವಾರ ಕೋಣೆಗೆ ಬಂದು ಕಾಣು ಎಂದೂ ಹೇಳಿದ. ಯಾರೂ ನಗಲಿಲ್ಲ. ರಾಂಗೆಲ್ ಬೀಜಗಳನ್ನೇ ನೋಡುತ್ತಿದ್ದ. ಅವನ ಕೈ ತನ್ನಷ್ಟಕ್ಕೆ ಕೊರಳಿಗೆ ಹೋಗಿ, ಅಂಗಿಯೊಳಗಿನ ಸೀಟಿಯನ್ನು ಮುಟ್ಟಿ, ಬಿಸಿ ತಾಗಿದಂತೆ ಹಿಂದೆ ಬಂತು.

ಅಕ್ಕನನ್ನು ಬಿಡಿಸಿದೆ ಎಂದುಕೊಂಡ ಸ್ವಿಲೆನಾಗೆ ತಾನು ಮತ್ತೇನು ಹೇಳಿಬಿಟ್ಟೆ ಎಂದು ಹೊಳೆದದ್ದು ದಫಿನಾ ಬಾಯಿ ತೆರೆದಾಗ.

"ಆ ಹನ್ನೊಂದನ್ನ ಕೊಯ್ದಾಗ ಒಳಗೆ ಚುಕ್ಕೆ ಇತ್ತಾ?"

"ಇತ್ತು."

"ಹನ್ನೊಂದಕ್ಕೂ?"

ಸುಳ್ಳು ಹೇಳಬಹುದಿತ್ತು. ಒಂದು ವರ್ಷದಿಂದ ಸುಮ್ಮನಿದ್ದವಳಿಗೆ ಇನ್ನೊಂದು ಸುಳ್ಳು ಯಾವ ಭಾರ. ಆದರೆ ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು.

"ಹನ್ನೊಂದಕ್ಕೂ," ಎಂದಳು ಸ್ವಿಲೆನಾ.

ದಫಿನಾ ಆ ಹನ್ನೊಂದು ಬೀಜಗಳನ್ನು ಅಂಗೈಯಿಂದ ಒಟ್ಟುಗೂಡಿಸಿ ಒಂದು ತಟ್ಟೆಗೆ ಹಾಕಿದಳು. ಆಮೇಲೆ ಗಂಡನಿಗೆ, ನಾಳೆ ಸೈಕಲ್ ತೆಗೆಯಬೇಡ, ಕಾರು ತೆಗೆ, ಆಸ್ಪತ್ರೆಗೆ ಹೋಗೋಣ ಎಂದಳು. ರಾಂಗೆಲ್ ತಲೆಯಾಡಿಸಿದ, ಮುಖ ಎತ್ತಲಿಲ್ಲ.

"ಹಾಗಾದ್ರೆ ನಾನು ಸೋಮಾರಿ ಅಲ್ಲ," ಎಂದಳು ಅವಳು ಎಲ್ಲರಿಗೂ ಕೇಳುವಂತೆ.

ಹೇಳುವಾಗ ಅವಳ ಮುಖ ಅರಳಿತು, ಬಹಳ ದಿನಗಳಿಂದ ಕಾದ ಒಳ್ಳೆಯ ಸುದ್ದಿ ಬಂದವಳ ಹಾಗೆ. ಕಾಯಿಲೆ ಹರಡಿರಬಹುದೆಂಬ ಸುದ್ದಿಗೂ ಹೆಂಗಸೊಬ್ಬಳು ಹಗುರಾಗಬೇಕಾದರೆ ಇವರೆಲ್ಲ ಸೇರಿ ಅವಳನ್ನು ಎಷ್ಟು ಹಿಂಡಿರಬೇಕು ಎಂದುಕೊಂಡ ಸ್ವಿಲೆನಾ, ಇವರೆಲ್ಲ ಎನ್ನುವಲ್ಲಿ ತನ್ನನ್ನೂ ಸೇರಿಸಿಕೊಂಡಳು. ದಫಿನಾ ಪಕ್ಕದ ಖಾಲಿ ಕುರ್ಚಿಯನ್ನು ಎಳೆದು, ಕಾಲೆರಡನ್ನೂ ಅದರ ಮೇಲೆ ಚಾಚಿ, ತನಗೂ ಒಂದು ತುಂಡು ಬಾನಿತ್ಸಾ ಹಾಕಿಕೊಡಲು ಪ್ರೊಫೆಸರಿಗೆ ಹೇಳಿದಳು. ಅವನು ಎದ್ದು ಹಾಕಿಕೊಟ್ಟ.