ಹೊಸ್ತಿಲಿಗೆ ಹೇಳಿದ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಈ ಗಾದೆ ಮಾಡಿದ ಪುಣ್ಯಾತ್ಮ ಬಾಡಿಗೆ ಮನೆಯಲ್ಲಿ ಇದ್ದವನಲ್ಲ. ಇದ್ದಿದ್ದರೆ ಮೂರನೆಯ ಮಾತೊಂದನ್ನು ಸೇರಿಸುತ್ತಿದ್ದ.

ಮುನವಳ್ಳಿಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಶಟ್ಟೆವ್ವ ಹನ್ನೊಂದು ವರ್ಷದಲ್ಲಿ ಒಂಬತ್ತು ಮನೆ ಬದಲಿಸಿದವಳು. ಒಬ್ಬರಿಗೆ ಅವಳ ಒಲೆಯ ಹೊಗೆ ಆಗಲಿಲ್ಲ. ಇನ್ನೊಬ್ಬರಿಗೆ ಬೆಳ್ಳಂಬೆಳಗ್ಗೆ ರೊಟ್ಟಿ ಬಡಿಯುವ ಸಪ್ಪಳ ಆಗಲಿಲ್ಲ. ಅಗಸಿಯ ಹತ್ತಿರದ ಮನೆಯವರಂತೂ ಗಂಡನಿಲ್ಲದ ಹೆಂಗಸು ಎಂಬುದನ್ನು ಎರಡು ವರ್ಷ ಸಹಿಸಿಕೊಂಡು, ಮೂರನೆಯ ವರ್ಷ ಒಮ್ಮೆಲೇ ನೆನಪಾದವರಂತೆ ಹೊರಗೆ ಕಳಿಸಿದರು. ಗಂಡ ಮುತ್ತಪ್ಪ ಕಟಕೋಳದಲ್ಲಿ ಜ್ವರ ಬಂದು ಸತ್ತಾಗ ಮಗಳು ರಾಣಿಗೆ ಮೂರು ವರ್ಷ. ಈಗ ಆ ಹುಡುಗಿ ಒಂಬತ್ತನೇ ತರಗತಿ. ತಾಯಿ ಮಗಳು ಈಗಿರುವುದು ಹಿಟ್ಟಿನ ಗಿರಣಿಯ ಹಿಂದಿನ ಒಂದು ಖೋಲಿಯಲ್ಲಿ. ಅದನ್ನೂ ಮೇ ಮುಗಿಯುವುದರೊಳಗೆ ಬಿಡಬೇಕೆಂದು ಮಾಲೀಕರು ಹೇಳಿಯಾಗಿತ್ತು.

ಅಷ್ಟರಲ್ಲಿ ಊರ ಹೊರಗೆ ಬಡವರಿಗಾಗಿ ಕಟ್ಟಿಸಿದ ಎರಡಂತಸ್ತಿನ ಮನೆಗಳು ಮುಗಿದವು. ಮನೆ ಕೊಳ್ಳುವವರು ಮೊದಲು ತಮ್ಮ ಪಾಲಿನ ವಂತಿಗೆ ತುಂಬಬೇಕು, ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಆ ಮೊದಲ ವಂತಿಗೆಯೇ ಕೈಗೆ ನಿಲುಕದೆ ಬಡವರು ಹಿಂದೆ ಸರಿಯುತ್ತಾರೆಂದು, ಈ ಸಲ ಅದನ್ನು ಪುರಸಭೆಯೇ ತುಂಬುವುದೆಂದು ಠರಾವಾಗಿತ್ತು. ಷರತ್ತು ಒಂದೇ. ಅರ್ಜಿ ಹಾಕಿದವರ ಹೆಸರಿನಲ್ಲಿ ಎಲ್ಲಿಯೂ ಸ್ವಂತ ಮನೆ ಇರಬಾರದು. ಅದನ್ನು ಕೇಳಿ ಶಟ್ಟೆವ್ವ ಮನಸಾರೆ ನಕ್ಕಳು. ಮನೆ ಇಲ್ಲದಿರುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಯಾರಿದ್ದರು?

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಈ ಕಾಲದಲ್ಲಿ ಪೂಜಾರಿ ಎಂದರೆ ಕಂಪ್ಯೂಟರು.

"ಶಟ್ಟೆವ್ವಾರ, ನಿಮ್ಮ ಅರ್ಜಿ ತಿರಸ್ಕಾರ ಆಗೇತ್ರಿ," ಎಂದಳು ಮಹಾನಂದಾ. ಮನೆ ಹಂಚುವ ಕೆಲಸ ನೋಡಿಕೊಳ್ಳುವ ಪುರಸಭೆಯ ನೌಕರಳು ಅವಳು. ಒಳ್ಳೆಯವಳು, ಅರ್ಜಿ ತುಂಬುವಾಗ ತಾನೇ ಪೆನ್ನು ಹಿಡಿದಿದ್ದಳು.

"ಯಾಕ್ರೀ ಬಾಯಾರ?"

"ನಿಮ್ಮ ಹೆಸರಲೇ ಒಂದು ಮನಿ ಐತಿ."

ಶಟ್ಟೆವ್ವ ಮತ್ತೆ ನಕ್ಕಳು, ಆದರೆ ಈ ಸಲ ನಗು ಪೂರ್ತಿ ಹೊರಗೆ ಬರಲಿಲ್ಲ. ಮಹಾನಂದಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಪರದೆಯ ಮೇಲೆ ಶಟ್ಟೆವ್ವನ ಹೆಸರು, ಅವಳ ಆಧಾರ್ ಸಂಖ್ಯೆ, ಕೆಳಗೊಂದು ಫೋಟೋ. ಮಣ್ಣಿನ ಗೋಡೆಯ ಮನೆ, ಅರ್ಧ ತೆರೆದ ಬಾಗಿಲು, ಸೆಗಣಿ ಸಾರಿಸಿದ ಹೊಸ್ತಿಲು. ಬಾಗಿಲ ಒಳಗಿನ ಕತ್ತಲೆಯಲ್ಲಿ ಯಾರೋ ಹೆಂಗಸು ನಿಂತಿದ್ದಳು. ಮುಖ ಕಾಣುತ್ತಿರಲಿಲ್ಲ. ಕಸಬರಿಗೆ ಹಿಡಿದ ಕೈ ಮಾತ್ರ ಬಿಸಿಲಿಗೆ ಬಂದಿತ್ತು. ಫೋಟೋದ ಕೆಳಗೆ ಊರ ಹೆಸರು: ಹಳೇ ಬಾಳಿಕೊಪ್ಪ. ತೆಗೆದದ್ದು ಹೋದ ವರ್ಷದ ಮೇ ತಿಂಗಳಲ್ಲಿ.

"ಬಾಯಾರ, ಈ ಊರು ನೀರಾಗ ಐತ್ರಿ. ನಾ ಹುಟ್ಟೂಕಿಂತ ಮೊದಲ ಮುಳುಗೇತಿ. ನಮ್ಮ ಆಯೀದು ಆ ಊರು."

ಆಯಿ ಎಂದರೆ ಅವಳ ತಂದೆಯ ತಾಯಿ. ಆಣೆಕಟ್ಟಿನ ನೀರು ನಿಂತಾಗ ಊರನ್ನೇ ಎತ್ತಿ ಗುಡ್ಡದ ಮೇಲಿಟ್ಟರು, ಅಲ್ಲಿ ಸಿಕ್ಕ ಜಾಗವನ್ನು ಅಪ್ಪ ಮಾರಿ ಉಂಡಿದ್ದ. ಶಟ್ಟೆವ್ವನಿಗೆ ಆಯಿಯಿಂದ ಬಂದದ್ದು ಹೆಸರೊಂದೇ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವ ಹಾಗಿಲ್ಲವಾದ್ದರಿಂದ ಹಡೆದ ತಾಯಿ ಸಾಯುವವರೆಗೂ ಅವಳನ್ನು ಬಾಯಕ್ಕ ಎಂದೇ ಕರೆದಳು.

ಮಹಾನಂದಾ ಮನೆಗಳ ಸರ್ವೇಯಲ್ಲಿ ಆ ಫೋಟೋ ತೆಗೆದ ಸಿದ್ಧಾರೂಢ ಎಂಬವನಿಗೆ ಫೋನು ಹಚ್ಚಿದಳು. ಈಗ ಬೈಲಹೊಂಗಲದ ಕಡೆ ಇದ್ದ ಆತ ಸ್ಪೀಕರಿನಲ್ಲಿ ಹೇಳಿದ್ದು ಇಬ್ಬರಿಗೂ ಕೇಳಿತು. "ಬ್ಯಾಸಗ್ಯಾಗ ನೀರು ಇಳದಿತ್ರಿ. ದೂರಿಂದ ಮನಿ ಕಾಣಿಸ್ತು, ಹೋದ್ನಿ. ಒಳಗಿದ್ದ ಹೆಣ್ಣಮಗಳು ಹೆಸರು ಹೇಳಿದ್ಲು, ಆಧಾರ್ ನಂಬರ್ ಕೇಳಿದ್ರ ಕಾರ್ಡ್ ತಗೀಲಾರದ ಗಡಗಡ ಹೇಳಿದ್ಲು. ನನಗ ಅದ ಸೋಜಿಗ ಆತು."

ಶಟ್ಟೆವ್ವನಿಗೇ ಆ ಸಂಖ್ಯೆ ಬಾಯಿಗೆ ಬರುತ್ತಿರಲಿಲ್ಲ. ಬೇಕಾದಾಗ ರಾಣಿ ತನ್ನ ವಹಿಯ ಹಿಂದೆ ಬರೆದಿಟ್ಟದ್ದನ್ನು ಓದಿ ಹೇಳಬೇಕಿತ್ತು.

"ಯಾರೋ ನಿಮ್ಮ ಹೆಸರಲೇ ಆಟ ಆಡ್ಯಾರ," ಎಂದಳು ಮಹಾನಂದಾ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ರಿ. ಆ ಜಾಗಕ್ಕ ಹೋಗೂಣು. ನೀವು ಅಲ್ಲಿ ನಿಲ್ರಿ, ನಾ ಫೋಟೋ ತಗದು ಮನಿ ಇಲ್ಲ ಅಂತ ವರದಿ ಹಾಕ್ತೇನಿ. ಶುಕ್ರವಾರ ಮನಿ ಸಿಗೂವ್ರ ಯಾದಿ ಮುಗೀತೈತಿ. ತಪ್ಪಿದ್ರ ನಿಮ್ಮ ಮನಿ ಮುಂದಿನವ್ರಿಗೆ ಹೋಗ್ತದ ನೋಡ್ರಿ."

ಮರುದಿನವೇ ಯಾಕೂಬಸಾಬನ ಮೂರು ಗಾಲಿಯ ಟಂಟಂನಲ್ಲಿ ಹೊರಟರು. ಯಾಕೂಬಸಾಬ ಹಳೇ ಬಾಳಿಕೊಪ್ಪದವನು. ಊರು ಖಾಲಿಯಾದಾಗ ಅವನಿಗೆ ಹತ್ತು ವರ್ಷ, ಈಗ ಗಡ್ಡವೆಲ್ಲ ಬೆಳ್ಳಗೆ. ಶಟ್ಟೆವ್ವನ ರೊಟ್ಟಿಯ ಬುಟ್ಟಿಗಳನ್ನು ದಿನಾ ಸವದತ್ತಿಗೆ ಮುಟ್ಟಿಸುವವನೂ ಅವನೇ.

ಡಾಂಬರು ಮುಗಿದು ಗಾಡಿ ನೀರು ಸರಿದ ಆಣೆಕಟ್ಟಿನ ಅಂಗಳಕ್ಕೆ ಇಳಿದಾಗ ಯಾಕೂಬಸಾಬ ಮಾತು ತೆಗೆದ. "ಸರಕಾರದವ್ರು ಕಟಿಗಿ ಎಲ್ಲಾ ಕಿತಗೊಂಡು ಹೋಗ್ರಿ ಅಂದಿದ್ರು. ಎಲ್ಲಾರೂ ಬಾಗಲಾ, ತೊಲಿ, ಜಂತಿ ಬಿಚ್ಚಿದ್ರು. ನಿಮ್ಮ ಆಯಿ ಒಬ್ಬಾಕಿ ಬಿಚ್ಚಗೊಡಲಿಲ್ಲ. ಕೀಲಿ ಹಾಕಿ, ಹೊಸ್ತಿಲಕ್ಕ ಕೈ ಮುಗದು, 'ಹೋಗಿ ಬರ್ತೇನಿ' ಅಂದ್ಲು. ನಾ ಅಲ್ಲೇ ಬಂಡಿ ಮ್ಯಾಲ ಕುಂತಿದ್ನಿ, ಈ ಕಿವೀಲೇ ಕೇಳೇನಿ."

"ಎಲ್ಲಾರೂ ಹಂಗ ಅಂತಾರಲ್ಲ ಕಾಕಾ. ಹೋಗ್ತೇನಿ ಅನಬಾರದು, ಬರ್ತೇನಿ ಅನಬೇಕು."

"ಮಂದಿಗೆ ಅನಬೇಕವ್ವಾ. ಮುಳಗೂ ಮನಿಗೆ ಅನಬಾರದು. ಅದು ನಂಬಿ ಕುಂದರತೈತಿ."

ಯಾಕೂಬಸಾಬ ದನಿ ತಗ್ಗಿಸಿದ. "ಮೂರು ವರ್ಷದ ಮ್ಯಾಲ ಒಂದು ಬ್ಯಾಸಗಿ ನೀರು ಇಳದಿತ್ತು. ನಿಮ್ಮ ಆಯಿ ಹೊಸಾ ಮನ್ಯಾಗ ಕಸಾ ಹೊಡದು, ನೀರ ತುಂಬಿ, ಹೊರಗ ಬಂದು ನಿಮ್ಮಪ್ಪಗ 'ಹೋಗ್ತೇನಿ' ಅಂದ್ಲಂತ. ಬರ್ತೇನಿ ಅನಲಿಲ್ಲಂತ. ಮತ್ತ ಆಕಿ ಯಾರಿಗೂ ಸಿಗಲಿಲ್ಲ."

ಅಪ್ಪ ಈ ಮಾತನ್ನು ಯಾವತ್ತೂ ಹೇಳಿರಲಿಲ್ಲ. ಆಯಿ ನೀರಿಗೆ ಕಾಲು ಜಾರಿ ಸತ್ತಳು ಎಂದಷ್ಟೇ ಹೇಳಿದ್ದ.

ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೀರು ದೂರ ಸರಿದು ಒಂದು ಬಿಳಿ ಗೆರೆಯಾಗಿತ್ತು. ಈಚೆಗೆಲ್ಲ ಬಿರುಕು ಬಿಟ್ಟ ಕರಿ ಮಣ್ಣು, ಅದರ ಮೇಲೆ ಅಲ್ಲಲ್ಲಿ ಕಲ್ಲಿನ ಗುಂಪು. ಅದೇ ಊರು. ಹಕ್ಕಿಗಳಿದ್ದವು, ಆದರೆ ಒಂದೂ ಕೂಗುತ್ತಿರಲಿಲ್ಲ. ಮಹಾನಂದಾ ಫೋನನ್ನು ಮುಂದೆ ಹಿಡಿದು, ಅದು ತೋರಿಸಿದ ಕಡೆ ನಡೆದು, ಒಂದೆಡೆ ನಿಂತಳು.

"ಇದ ಜಾಗಾ ನೋಡ್ರಿ. ಗ್ವಾಡಿ ಇಲ್ಲ, ಬಾಗಲಾ ಇಲ್ಲ, ಏನೂ ಇಲ್ಲ. ಛಲೋ ಆತು."

ಗೋಡೆ ಇರಲಿಲ್ಲ ನಿಜ. ಒಂದು ಉದ್ದನೆಯ ಹೊಸ್ತಿಲ ಕಲ್ಲು ಮಾತ್ರ ಇತ್ತು. ಮೈಲುಗಟ್ಟಲೆ ಒಣಗಿದ ಆ ನೆಲದಲ್ಲಿ ಆ ಕಲ್ಲಿನ ಮುಂದಿನ ಒಂದು ಮೊಳ ಜಾಗ ಹಸಿಯಾಗಿತ್ತು. ಆಗಷ್ಟೇ ಯಾರೋ ಸಾರಿಸಿ ಹೋದ ಹಾಗೆ ಸೆಗಣಿಯ ಮೇಲೆ ಬೆರಳಿನ ಅರ್ಧ ಚಂದ್ರಾಕಾರದ ಗೆರೆಗಳು ಮೂಡಿದ್ದವು. ಶಟ್ಟೆವ್ವ ಬಗ್ಗಿ ನೋಡಿದಳು. ಅವಳು ಬಲಗೈಯ ಕಿರುಬೆರಳು ಮಡಚಿಕೊಂಡು ಸಾರಿಸುತ್ತಾಳೆ, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಅದು ನೆಟ್ಟಗಾಗದು. ಅಲ್ಲಿಯೂ ಮೂರೇ ಬೆರಳಿನ ಗೆರೆಗಳಿದ್ದವು.

"ಬಾಯಾರ, ಇಲ್ಲಿ ಸಾರಿಸ್ಯಾರ ನೋಡ್ರಿ," ಎಂದಳು.

"ಎಲ್ಲೆದರಿ? ನೀವು ಸುಮ್ನ ಹೊಸ್ತಿಲ ದಾಟಿ ಒಳಗ ನಿಲ್ರಿ. ಫೋಟೋ ತಗೀತೇನಿ."

ದಾಟಿದಳು. ದಾಟಿದ ಕೂಡಲೇ ಮೈಮೇಲಿನ ಬಿಸಿಲು ಹೋಯಿತು. ತಲೆಯ ಮೇಲೆ ಚಾವಣಿ ಇರಲಿಲ್ಲ, ಆದರೂ ಜಂತಿ ಮನೆಯೊಳಗಿನ ತಂಪು ಇತ್ತು, ಒಲೆಯಲ್ಲಿ ಉರಿಯುವ ತೊಗರಿ ಕಟ್ಟಿಗೆಯ ವಾಸನೆ ಇತ್ತು. ಹೆದರಿಕೆ ಆಗಬೇಕಿತ್ತು. ಹೆದರಿಕೆ ಆಗಲಿಲ್ಲ, ಅಳು ಬಂತು. ಹನ್ನೊಂದು ವರ್ಷದಲ್ಲಿ ಒಂದು ಮನೆಯೂ ಅವಳನ್ನು ಹೀಗೆ ಒಳಗೆ ಕರೆದುಕೊಂಡಿರಲಿಲ್ಲ. ಇಲ್ಲಿ ಹೊಗೆ ಹಾಕಿದರೆ ಯಾರೂ ಬೈಯುವುದಿಲ್ಲ, ರೊಟ್ಟಿ ಬಡಿದರೆ ಯಾರೂ ಗೋಡೆ ಕುಟ್ಟುವುದಿಲ್ಲ ಎನಿಸಿತು. ಹಿಂದೆ ಯಾರೋ ಕಸ ಗುಡಿಸುವ ಸಪ್ಪಳ ಮೆಲ್ಲಗೆ ಹತ್ತಿರ ಬರುತ್ತಿತ್ತು.

"ಆತ್ರಿ, ಬರ್ರಿ ಹೊರಗ," ಎಂದಳು ಮಹಾನಂದಾ.

ಯಾಕೂಬಸಾಬ ದೂರದಿಂದಲೇ ಕೂಗಿದ. "ಬಾಯಕ್ಕಾ! ಹೊರಗ ಬರೂಮುಂದ 'ಹೋಗ್ತೇನಿ' ಅಂತ ಹೇಳಿ ಬಾ. ಮರೀಬ್ಯಾಡ!"

ಶಟ್ಟೆವ್ವ ಹೊಸ್ತಿಲು ದಾಟಿ ಹೊರಗೆ ಬಂದಳು, ತಿರುಗಿದಳು, ಕೈ ಮುಗಿದಳು. ಹೇಳಬೇಕಾದ ಮಾತು ತಲೆಯಲ್ಲಿ ಸರಿಯಾಗಿಯೇ ಇತ್ತು. ಆದರೆ ನಾಲ್ಕು ದಶಕ ಒಂದೇ ಮಾತಿಗೆ ಒಗ್ಗಿದ ನಾಲಿಗೆ ಅದು. ಸಾವಿನ ಮನೆಯೊಂದನ್ನು ಬಿಟ್ಟರೆ ಎಲ್ಲ ಬಾಗಿಲಲ್ಲೂ ಅವಳು ಆಡಿದ್ದು ಅದೊಂದೇ.

"ಬರ್ತೇನಿ," ಎಂದಳು.

ಗುಡಿಸುವ ಸಪ್ಪಳ ನಿಂತಿತು. ಯಾಕೂಬಸಾಬ ಟಂಟಂ ಹತ್ತಿ ಕುಳಿತ. ಮುನವಳ್ಳಿ ಮುಟ್ಟುವವರೆಗೆ ಅವನ ತುಟಿಗಳು ಅಲ್ಲಾಡುತ್ತಲೇ ಇದ್ದವು.

ಫೋಟೋದಲ್ಲಿ ಬರೀ ಕಲ್ಲು, ಮಣ್ಣು, ಕಣ್ಣೊರೆಸಿಕೊಳ್ಳುವ ಶಟ್ಟೆವ್ವ. ವರದಿ ಹೋಯಿತು, ಶುಕ್ರವಾರದ ಯಾದಿಯಲ್ಲಿ ಹೆಸರು ಬಂತು, ವಂತಿಗೆಯನ್ನು ಪುರಸಭೆ ತುಂಬಿತು. ಮೇ ಮುಗಿಯಲು ಎರಡು ದಿನ ಇರುವಾಗ ಅವಳ ಕೈಗೆ ಕೀಲಿಕೈ ಬಂತು. ಹಸಿರು ಸೀರೆ ಉಟ್ಟು, ಹಾಲು ಉಕ್ಕಿಸಿ, ಓಣಿಗೆಲ್ಲ ಹುಗ್ಗಿ ಉಣ್ಣಿಸಿದಳು. ರಾಣಿ ಗೋಡೆಗೆ ಮೊಳೆ ಹೊಡೆದಳು. ಯಾರನ್ನೂ ಕೇಳದೆ ಹೊಡೆದ ಮೊದಲ ಮೊಳೆ ಅದು. ಅಂದು ಶಟ್ಟೆವ್ವನಿಗಾದ ಸಂತೋಷಕ್ಕೆ ಅಳತೆ ಇರಲಿಲ್ಲ. ಕೀಲಿಕೈಯನ್ನು ಒಂದು ಕಾಲಕ್ಕೆ ತಾಳಿ ಇದ್ದ ಕೊರಳಲ್ಲಿ ದಾರಕ್ಕೆ ಪೋಣಿಸಿ ಹಾಕಿಕೊಂಡಳು, ಜಳಕಕ್ಕೂ ತೆಗೆಯಲಿಲ್ಲ.

ಒಂದು ವರ್ಷ ಸುಖವಾಗಿಯೇ ಹೋಯಿತು. ಮತ್ತೆ ಮೇ ಬಂತು, ಹಿನ್ನೀರು ಮತ್ತೆ ಇಳಿಯಿತು.

ಒಂದು ದಿನ ಬೆಳಗ್ಗೆ ಮಹಾನಂದಾ ತಾನಾಗಿಯೇ ಮನೆಗೆ ಬಂದಳು. ಚಹಾ ಬೇಡವೆಂದಳು. ಕುಳಿತು ಫೋನು ತೆಗೆದು ಶಟ್ಟೆವ್ವನ ಕೈಗಿತ್ತಳು. "ಈ ವರ್ಷ ಬ್ಯಾರೆ ಹುಡುಗ ಸರ್ವೇಕ್ಕ ಹೋಗ್ಯಾನ್ರಿ. ನಾ ಇದನ್ನ ಯಾರಿಗೂ ತೋರಿಸಿಲ್ಲ. ಮೊದಲ ನಿಮ್ಮನ್ನ ಕೇಳೂಣು ಅಂತ ಬಂದ್ನಿ."

ಅದೇ ಮಣ್ಣಿನ ಗೋಡೆ, ಅದೇ ಬಾಗಿಲು. ಈ ಸಲ ಬಾಗಿಲು ಪೂರ್ತಿ ತೆರೆದಿತ್ತು, ಹೆಂಗಸು ಬಿಸಿಲಿಗೆ ಬಂದು ನಿಂತಿದ್ದಳು. ಮೈಮೇಲೆ ಹಸಿರು ಸೀರೆ, ಕೈಯಲ್ಲಿ ಕಸಬರಿಗೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕೀಲಿಕೈ. ಮುಖ ಶಟ್ಟೆವ್ವನದು. ಮನೆಗೆ ಬಂದ ಬೀಗರನ್ನು ನೋಡಿದ ಹಾಗೆ ನಗುತ್ತಿತ್ತು. ಕೆಳಗೆ ತಾರೀಖು, ವೇಳೆ: ನಿನ್ನೆ, ಮಧ್ಯಾಹ್ನ ಎರಡು ಗಂಟೆ.

"ನಿನ್ನೆ ಮಧ್ಯಾಹ್ನ ನಾ ಇಲ್ಲೇ ಮಲಗಿದ್ನಿರೀ," ಎಂದಳು ಶಟ್ಟೆವ್ವ. "ರೊಟ್ಟಿ ಬಡದು ಸಾಕಾಗಿತ್ತು. ರಾಣೀನ ಕೇಳ್ರಿ ಬೇಕಾದ್ರ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ರಾಣಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಎಲ್ಲಿ ಮಲಗಿದ್ದಿ ಅವ್ವಾ? ಉಂಡ ಕೂಡಲೇ ಹಸರ ಸೀರಿ ಉಟಗೊಂಡು ಹೋದೆಲ್ಲ. ಕಾಲತುಂಬ ರಾಡಿ ಮಾಡ್ಕೊಂಡು ಸಂಜಿಗೆ ಬಂದಿ. ನಾನ ಒರಸೇನಿ."

ಶಟ್ಟೆವ್ವ ತನ್ನ ಅಂಗಾಲು ನೋಡಿಕೊಂಡಳು. ಹಿಮ್ಮಡಿಯ ಬಿರುಕುಗಳಲ್ಲಿ ಕರಿ ಮಣ್ಣು ಕೂತಿತ್ತು.

"ಹೋಗೂಮುಂದ ನಿನಗ ಏನ ಹೇಳಿದ್ನಿ?" ಎಂದು ಕೇಳಿದಳು. ದನಿ ಅವಳದೇ ಅನ್ನಿಸಲಿಲ್ಲ.

"ಅದಕ್ಕ ನನಗ ಸಿಟ್ಟು ಬಂದಿದ್ದು," ಎಂದಳು ರಾಣಿ. "ಹಂಗ ಅನಬಾರದು ಅಂತ ದಿನಾ ನನಗ ಬೈತಿ, ನಿನ್ನೆ ನೀನ ಬಾಗಲಾಗ ನಿಂತು 'ಹೋಗ್ತೇನಿ' ಅಂದಿ. ಹಿಂದಿಂದ ಎಷ್ಟ ಒದರಿದ್ನಿ, ತಿರುಗಿ ಸೈತ ನೋಡಲಿಲ್ಲ. ಬಾಗಲಾ ಹಾಕ್ಕೋಳಾಕ ಕೀಲಿ ಬೇಡಿದ್ರ, ಅದನ್ನೂ ಕೊಡಲಿಲ್ಲ."

ಮಹಾನಂದಾ ನೋಡುತ್ತಿರುವಂತೆಯೇ ಶಟ್ಟೆವ್ವ ಎದ್ದು ಮುಂಬಾಗಿಲು ಮುಚ್ಚಿದಳು. ಒಳಗಿನಿಂದ ಕೀಲಿ ಹಾಕಿದಳು. ಕೊರಳಿನ ದಾರವನ್ನು ಹರಿದು, ಹನ್ನೊಂದು ವರ್ಷ ಕಾದು ಪಡೆದ ಮನೆಯ ಕೀಲಿಕೈಯನ್ನು ಮಗಳ ಮುಷ್ಟಿಯಲ್ಲಿಟ್ಟು, ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿದಳು.

"ಮಳಿ ಬಂದು ನೀರು ಏರೂತನಕ ಇದು ನಿನ್ನ ಕಡೆ ಇರ್ಲಿ," ಎಂದಳು. "ನಾ ಕೇಳ್ತೇನಿ ರಾಣಿ. ಅತ್ತು ಕೇಳ್ತೇನಿ, ಬೈದು ಕೇಳ್ತೇನಿ. ನನಗ ಕೊಡಬ್ಯಾಡ."